ಬಟ್ಟೆ ಡಯಾಪರ್ ಮೇಲೆ ಹಾಕುವ ಉಣ್ಣೆ ಕವರ್ ಯಾಕೆ ಸೋರುತ್ತದೆ?

ಮೂರು ತಿಂಗಳ ಮಗುವಿಗೆ ಬಟ್ಟೆ ಡಯಾಪರ್ ಮೇಲೆ ಉಣ್ಣೆ ಕವರ್ ಹಾಕುತ್ತಿದ್ದೇನೆ, ಮೊದಮೊದಲು ಚೆನ್ನಾಗಿತ್ತು, ಈಗ ಸ್ವಲ್ಪ ಹೊತ್ತಿಗೇ ಹೊರಗೆ ಒದ್ದೆ ಬರುತ್ತಿದೆ ಎಂದು ಬರೆದಿದ್ದೀರಿ. ಪ್ರತಿ ಸಲ ಡಯಾಪರ್ ಜೊತೆಗೇ ಡಿಟರ್ಜೆಂಟ್ ಹಾಕಿ ಒಗೆಯುತ್ತೀರಂತೆ. ತೊಂದರೆ ಅಲ್ಲೇ ಇದೆ. ಒಗೆಯುವುದು ತುಂಬಾ ಜಾಸ್ತಿ ಆಗಿದೆ, ಸೋಪೂ ಸರಿಯಾದದ್ದಲ್ಲ. ಕವರ್ ಎಸೆಯಬೇಡಿ. ಕುಗ್ಗಿ ಗಟ್ಟಿಯಾಗಿರದಿದ್ದರೆ ಒಂದೆರಡು ಸಲ, ಹೆಚ್ಚೆಂದರೆ ಮೂರು ಸಲ ರಾತ್ರಿ ನೆನೆಸಿಟ್ಟರೆ ಮತ್ತೆ ಮೊದಲಿನ ಹಾಗೆ ಆಗುತ್ತದೆ.

ನಾನು ನನ್ನ ಇಬ್ಬರು ಮಕ್ಕಳಿಗೂ ಉಣ್ಣೆ ಕವರ್ ಬಳಸಿದ್ದೇನೆ. ರಾತ್ರಿ ಹೊತ್ತಿಗಂತೂ ಇದಕ್ಕಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. ಆದರೆ ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ಗೊತ್ತಾಗಬೇಕು. ಆಮೇಲೆ ಆರೈಕೆ ತಾನಾಗಿಯೇ ಸುಲಭವಾಗುತ್ತದೆ.

ಕುರಿಯ ಚರ್ಮದಿಂದ ಒಂದು ಮೇಣದಂಥ ಜಿಡ್ಡು ಹೊರಡುತ್ತದೆ. ಅದೇ ಲ್ಯಾನೊಲಿನ್. ಮಳೆ ನೀರು ಉಣ್ಣೆಯೊಳಗೆ ಸುಲಭವಾಗಿ ಇಳಿಯದಂತೆ ತಡೆಯುವುದು ಈ ಜಿಡ್ಡು. ನೂಲು ತೆಗೆಯುವ ಮೊದಲು ಉಣ್ಣೆಯನ್ನು ತೊಳೆಯುವಾಗ ಇದರ ಬಹುಪಾಲು ಹೊರಟುಹೋಗುತ್ತದೆ. ಹಾಗಾಗಿ ಡಯಾಪರ್ ಕವರ್‌ಗೆ ನಾವೇ ಅದನ್ನು ಮತ್ತೆ ಕೂರಿಸಬೇಕು. ಇದರ ಜೊತೆಗೆ ಉಣ್ಣೆಗೆ ಇನ್ನೊಂದು ಗುಣ ಇದೆ. ಅದರ ಎಳೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಎಳೆದುಕೊಂಡ ತೇವವನ್ನು ನಿಧಾನವಾಗಿ ಗಾಳಿಗೆ ಬಿಡುತ್ತದೆ. ಒಳಗಿನ ಶೆಕೆ ಹೊರಗೆ ಹೋಗುವುದರಿಂದ ಮಗುವಿನ ಚರ್ಮ ಬೆಂದ ಹಾಗೆ ಆಗುವುದು ಕಡಿಮೆ. ಪ್ಲಾಸ್ಟಿಕ್ ಪದರ ಇರುವ ಕವರ್ ನೀರನ್ನು ಗೋಡೆ ಕಟ್ಟಿದಂತೆ ತಡೆಯುತ್ತದೆ, ಉಣ್ಣೆ ಹಾಗಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮೊದಲು ಒಂದು ಪರೀಕ್ಷೆ. ಒಣಗಿದ ಕವರ್ ಮೇಲೆ ನಾಲ್ಕು ಹನಿ ನೀರು ಬಿಡಿ. ಹನಿ ಮುತ್ತಾಗಿ ನಿಂತರೆ ಜಿಡ್ಡು ಇದೆ. ತಕ್ಷಣ ಒಳಗೆ ಇಳಿದರೆ ಜಿಡ್ಡು ಹೋಗಿದೆ. ನಿಮ್ಮದು ಎರಡನೆಯದೇ ಆಗಿರುತ್ತದೆ ಅಂತ ನನ್ನ ಅಂದಾಜು.

ಲ್ಯಾನೊಲಿನ್ ಹಾಕುವ ಮುಂಚೆ ಕವರ್ ಶುಚಿಯಾಗಿರಬೇಕು. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಬೇಬಿ ಶಾಂಪೂ ಅಥವಾ ಉಣ್ಣೆಗೆಂದೇ ಇರುವ ಲಿಕ್ವಿಡ್ ಹಾಕಿ, ಕವರನ್ನು ಮುಳುಗಿಸಿ, ಮೆತ್ತಗೆ ಒತ್ತಿ ಒತ್ತಿ ತೊಳೆಯಿರಿ. ಉಜ್ಜಬಾರದು, ತಿರುಚಬಾರದು. ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಲಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ನೀರು, ಬಿಸಿ, ತಿಕ್ಕಾಟ ಮೂರೂ ಸೇರಿದರೆ ಈ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ದಪ್ಪಗಟ್ಟಿ ಕುಗ್ಗುತ್ತದೆ. ಒಮ್ಮೆ ಕುಗ್ಗಿದರೆ ಮತ್ತೆ ಮೊದಲಿನ ಅಳತೆಗೆ ಬರುವುದಿಲ್ಲ.

ಲ್ಯಾನೊಲಿನ್ ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಬಿಸಿಯೂ ಬೇಕು, ಸೋಪೂ ಬೇಕು. ನಾನು ಮಾಡುವುದು ಹೀಗೆ. ಒಂದು ಗಟ್ಟಿ ಗಾಜಿನ ಬಾಟಲಿಗೆ ಒಂದು ಲೋಟ ಚೆನ್ನಾಗಿ ಬಿಸಿಯಾದ ನೀರು, ಒಂದು ಕವರ್‌ಗೆ ಅರ್ಧದಿಂದ ಒಂದು ಟೀ ಚಮಚ ಲ್ಯಾನೊಲಿನ್, ಒಂದು ಚಿಟಿಕೆಯಷ್ಟು ಬೇಬಿ ಶಾಂಪೂ. ಮುಚ್ಚಳ ಬಿಗಿದು, ಬಟ್ಟೆಯಲ್ಲಿ ಹಿಡಿದು ಅಲುಗಾಡಿಸಬೇಕು. ನೀರು ಬೆಳ್ಳಗೆ ಹಾಲಿನ ಬಣ್ಣಕ್ಕೆ ಬರಬೇಕು. ಮೇಲೆ ಹಳದಿ ಹನಿಗಳು ತೇಲುತ್ತಿದ್ದರೆ ಇನ್ನೊಂದು ತೊಟ್ಟು ಶಾಂಪೂ ಹಾಕಿ ಮತ್ತೆ ಅಲುಗಾಡಿಸಿ. ಇಲ್ಲಿ ಅವಸರ ಮಾಡಬೇಡಿ. ಸರಿಯಾಗಿ ಬೆರೆಯದಿದ್ದರೆ ಜಿಡ್ಡು ಕವರ್ ಮೇಲೆ ಅಲ್ಲಲ್ಲಿ ಮೆತ್ತಿಕೊಂಡು ಕೂರುತ್ತದೆ, ಉಳಿದ ಕಡೆ ಸೋರುತ್ತಲೇ ಇರುತ್ತದೆ.

ಕವರ್ ಮುಳುಗುವಷ್ಟು ಉಗುರುಬೆಚ್ಚಗಿನ ನೀರನ್ನು ಒಂದು ಸಣ್ಣ ಟಬ್‌ನಲ್ಲಿ ತೆಗೆದುಕೊಂಡು ಈ ಹಾಲುಬಣ್ಣದ ನೀರನ್ನು ಅದಕ್ಕೆ ಬೆರೆಸಿ. ಕವರನ್ನು ಒಳಮೈ ಹೊರಗೆ ಮಾಡಿ, ಮೊದಲೇ ಒದ್ದೆ ಮಾಡಿಕೊಂಡು ಇಳಿಸಿ. ಒದ್ದೆ ಉಣ್ಣೆಯಲ್ಲಿ ಜಿಡ್ಡು ಎಲ್ಲ ಕಡೆ ಸಮನಾಗಿ ಹರಡುತ್ತದೆ. ಒಂದೆರಡು ಸಲ ಮೆತ್ತಗೆ ಒತ್ತಿ, ರಾತ್ರಿಯಿಡೀ ಹಾಗೇ ಬಿಡಿ. ನೀರು ತಣ್ಣಗಾಗುತ್ತಾ ಬಂದಂತೆ ಲ್ಯಾನೊಲಿನ್ ಎಳೆಗಳ ಮೇಲೆ ಕೂರುತ್ತದೆ. ಬೆಳಿಗ್ಗೆ ತೆಗೆದ ಮೇಲೆ ಜಾಲಿಸಬೇಡಿ. ತುಂಬಾ ಜನ ಅಭ್ಯಾಸಬಲದಿಂದ ಜಾಲಿಸಿಬಿಡುತ್ತಾರೆ, ರಾತ್ರಿ ಕೂರಿಸಿದ್ದು ಅಲ್ಲೇ ಹೋಗುತ್ತದೆ. ಒಣ ಟವೆಲ್‌ನಲ್ಲಿ ಸುತ್ತಿ, ಒತ್ತಿ ನೀರು ತೆಗೆದು, ನೆರಳಿನಲ್ಲಿ ಮಟ್ಟಸವಾಗಿ ಹರಡಿ ಒಣಗಿಸಿ. ನೇತು ಹಾಕಿದರೆ ನೀರಿನ ಭಾರಕ್ಕೆ ಜೋಲುತ್ತದೆ. ಒಣಗಲು ಒಂದೆರಡು ದಿನ ಬೇಕು. ಅದಕ್ಕೇ ಕನಿಷ್ಠ ಎರಡು ಮೂರು ಕವರ್ ಇರಬೇಕು ಅನ್ನುವುದು.

ನಿಮ್ಮ ಕವರ್‌ನಲ್ಲಿ ಜಿಡ್ಡು ಪೂರ್ತಿ ಹೋಗಿರುವುದರಿಂದ ಇದನ್ನು ಎರಡು ಮೂರು ಸಲ ಮಾಡಬೇಕಾಗಬಹುದು. ಹೊಸ ಕವರ್‌ಗೂ ಹಾಗೆಯೇ. ಮುಟ್ಟಿದರೆ ಕೈಗೆ ಸ್ವಲ್ಪ ಜಿಡ್ಡು ತಾಗಿದ ಹಾಗಿರಬೇಕು, ಅಂಟಬಾರದು. ಅಂಟಿದರೆ ಜಾಸ್ತಿ ಆಯಿತು ಅಂತ ಅರ್ಥ. ಬರೀ ಬೆಚ್ಚಗಿನ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಕೆಲವರಿಗೆ ಲ್ಯಾನೊಲಿನ್ ಅಲರ್ಜಿ ಇರುತ್ತದೆ. ಮಗುವಿಗೆ ಎಕ್ಸಿಮಾ (ಇಸುಬು) ಇದ್ದರೆ ಮೊದಲು ಡಾಕ್ಟರ್ ಹತ್ತಿರ ಕೇಳಿ.

ಇನ್ನು ದಿನನಿತ್ಯದ ಬಳಕೆ. ಬರೀ ಉಚ್ಚೆ ಆಗಿದ್ದರೆ ಕವರ್ ಒಗೆಯಲೇಬೇಡಿ. ಒಳಗಿನ ಬಟ್ಟೆ ಮಾತ್ರ ಬದಲಾಯಿಸಿ, ಕವರನ್ನು ಗಾಳಿಗೆ ಹರಡಿ, ಇನ್ನೊಂದನ್ನು ಹಾಕಿ. ಕೇಳಲು ಗಲೀಜು ಅನಿಸುತ್ತದೆ, ಅಲ್ವಾ? ಆದರೆ ಒಣಗಿದ ಮೇಲೆ ಮೂಸಿ ನೋಡಿ, ವಾಸನೆ ಇರುವುದಿಲ್ಲ. ಒದ್ದೆ ಇದ್ದಾಗ ಬರುವ ವಾಸನೆಗೆ ಗಾಬರಿ ಬೇಡ. ಪೂರ್ತಿ ಒಣಗಿದ ಮೇಲೂ ವಾಸನೆ ಉಳಿದಿದ್ದರೆ ಆಗ ಒಗೆಯುವ ಸಮಯ ಬಂದಿದೆ ಅಂತ. ಸಾಮಾನ್ಯವಾಗಿ ಎರಡು ಮೂರು ವಾರಕ್ಕೊಮ್ಮೆ ಬರುತ್ತದೆ. ಕಕ್ಕ ತಾಗಿದರೆ ಮಾತ್ರ ಕಾಯಬೇಡಿ, ಆ ಜಾಗವನ್ನಷ್ಟೇ ಅವತ್ತೇ ತೊಳೆದುಬಿಡಿ.

ಡಿಟರ್ಜೆಂಟ್ ಯಾಕೆ ಬೇಡ ಅಂದರೆ, ಉಣ್ಣೆ ನಮ್ಮ ಕೂದಲಿನ ಹಾಗೇ ಕೆರಟಿನ್ ಎಂಬ ಪ್ರೋಟೀನ್. ಕಲೆ ತೆಗೆಯುವ ಡಿಟರ್ಜೆಂಟ್‌ಗಳಲ್ಲಿ ಎಷ್ಟೋ ಸಲ ಪ್ರೋಟೀನನ್ನು ಒಡೆಯುವ ಎನ್‌ಜೈಮ್ ಇರುತ್ತದೆ. ಅದು ಕಲೆಯ ಜೊತೆ ಉಣ್ಣೆಯನ್ನೂ ತಿನ್ನುತ್ತದೆ. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಬಿಡುತ್ತದೆ. ಸೋಡಾದಂಥ ಕ್ಷಾರದ ಪುಡಿಗಳನ್ನೂ ದೂರ ಇಡಿ.

ಜಿಡ್ಡು ಸರಿಯಾಗಿ ಕೂತ ಮೇಲೂ ಸೋರಿದರೆ ಒಳಗಿನ ಬಟ್ಟೆ ನೋಡಿ. ಕವರ್ ಉಚ್ಚೆಯನ್ನೆಲ್ಲ ತಾನೇ ಹೀರಲಾರದು, ಅದು ಹತ್ತಿ ಬಟ್ಟೆಯ ಕೆಲಸ. ಮಗು ಬೆಳೆದಂತೆ ಒಂದು ಪದರ ಸಾಲುವುದಿಲ್ಲ, ರಾತ್ರಿಗೆ ಇನ್ನೂ ಒಂದು ಮಡಿಕೆ ಸೇರಿಸಿ. ಒಳಗಿನ ಬಟ್ಟೆಯ ಅಂಚು ತೊಡೆಯ ಹತ್ತಿರ ಹೊರಗೆ ಇಣುಕಿದರೂ ಅಲ್ಲಿಂದಲೇ ಬಟ್ಟೆಯೆಲ್ಲ ಒದ್ದೆಯಾಗುತ್ತದೆ. ಬೆರಳು ಆಡಿಸಿ ಒಳಗೆ ತೂರಿಸಿ. ಮತ್ತೆ ಒತ್ತಡ. ಬಿಗಿಯಾದ ಪ್ಯಾಂಟು, ಕಾರ್ ಸೀಟು, ತುಂಬಾ ಹೊತ್ತು ಎತ್ತಿಕೊಂಡಿರುವುದು ಇವುಗಳಲ್ಲಿ ತೇವ ಹಿಂಡಿ ಹೊರಗೆ ಬರುತ್ತದೆ. ಉಣ್ಣೆ ಗೋಡೆಯಲ್ಲ ಅಂದದ್ದು ಇದಕ್ಕೇ. ದೂರದ ಪ್ರಯಾಣಕ್ಕೆ ನಾನು ಪ್ಲಾಸ್ಟಿಕ್ ಪದರದ ಕವರನ್ನೇ ಹಾಕುತ್ತಿದ್ದೆ, ಅದರಲ್ಲಿ ತಪ್ಪೇನಿಲ್ಲ.

ಇನ್ನೊಂದು ಅನುಮಾನವನ್ನೂ ಬಗೆಹರಿಸಿಕೊಳ್ಳಿ. ‘ವುಲನ್’ ಅಂತ ಮಾರುವುದರಲ್ಲಿ ಎಷ್ಟೋ ಅಕ್ರಿಲಿಕ್ ಎಂಬ ಕೃತಕ ನೂಲಿನದಾಗಿರುತ್ತದೆ, ಅದಕ್ಕೆ ಏನು ಹಾಕಿದರೂ ಈ ಗುಣ ಬರುವುದಿಲ್ಲ. ಒಳ ಹೊಲಿಗೆಯಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಪುಡಿಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಗುಂಡಾಗಿ ಉಳಿದರೆ ಅಕ್ರಿಲಿಕ್.

ಮಗುವಿಗೆ ಚಿಕ್ಕದಾದ ಕವರ್‌ಗಳನ್ನು ಎತ್ತಿಡುವಾಗ ಒಗೆದು, ಪೂರ್ತಿ ಒಣಗಿಸಿ, ಬಿಗಿಯಾಗಿ ಮುಚ್ಚುವ ಚೀಲದಲ್ಲಿ ಹಾಕಿ. ಉಣ್ಣೆ ತಿನ್ನುವ ಹುಳಕ್ಕೆ ಕೊಳೆ ಇರುವ ಬಟ್ಟೆ ಅಂದರೆ ಹೆಚ್ಚು ಇಷ್ಟ.