ಸವಳು ಸರಿ, ಜವಳು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಕಡೆ ಕಾಲುವೆ ಕೆಳಗಿನ ಹೊಲ ಕೆಟ್ಟರೆ ‘ಸವಳು-ಜವಳು ಆಗೇತಿ’ ಅಂತಾರೆ. ಜವಳು ಸುಮ್ನೆ ಪ್ರಾಸಕ್ಕೆ ಸೇರಿದ್ದಾ? ಅವಳಿ-ಜವಳಿಯ ಜವಳಿನೇ ಇದು ಅಂತ ನಮ್ಮ ಕಾಕಾ ವಾದ ಮಾಡ್ತಾರೆ. ಪುಸ್ತಕದಲ್ಲಿ ಬರೋ ಜೌಗು ಬೇರೆನಾ?
– ಓದುಗರು, ಕಾರಟಗಿ

ಉತ್ತರ: ಕಾಕಾ ಅವರ ವಾದ ಚೆನ್ನಾಗಿದೆ, ನಿಲ್ಲೋದಿಲ್ಲ ಅಷ್ಟೇ. ಅವಳಿ-ಜವಳಿಯ ಜವಳಿ ಬಂದದ್ದು ಸಂಸ್ಕೃತದ ಯಮಳದಿಂದ, ಅಂದರೆ ಜೋಡಿ. ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿಯಾದ, ಯಮ ಜವರಾಯನಾದ, ಹಾಗೇ ಯಮಳ ಜವಳವಾಯಿತು. ಹೊಲದ ಜವಳಿಗೂ ಅದಕ್ಕೂ ನಂಟಿಲ್ಲ. ಜವಳಿ ಅಂಗಡಿಗೂ ಇಲ್ಲ (ಇದನ್ನು ನೀವು ಕೇಳಿಲ್ಲ, ಕಾಕಾ ಕೇಳೇ ಕೇಳ್ತಾರೆ).

ಪ್ರಾಸಕ್ಕೆ ಸೇರಿದ್ದೂ ಅಲ್ಲ. ಕನ್ನಡದಲ್ಲಿ ಮಾತಿಗೆ ಬಾಲ ಹಚ್ಚುವಾಗ ಗಕಾರ ಬರುತ್ತೆ ಅಲ್ವಾ, ಹೊಲ-ಗಿಲ, ನೀರು-ಗೀರು ಅಂತ. ಆ ಲೆಕ್ಕದಲ್ಲಿ ಸವಳು-ಗಿವಳು ಆಗಬೇಕಿತ್ತು. ಇಲ್ಲಿರೋದು ಎರಡು ಬೇರೆ ಬೇರೆ ಮಾತು.

ಸವಳು ರುಚಿಯ ಮಾತು. ಉಪ್ಪುಪ್ಪಾದ ನೀರು ಸವಳು ನೀರು, ಬೇಸಿಗೆಯಲ್ಲಿ ಬದುವಿನ ಮೇಲೆ ಬಿಳಿ ಪುಡಿ ಕಟ್ಟುವ ಮಣ್ಣು ಸವಳು ಮಣ್ಣು. ಹಿಂದೆ ಅಗಸರು ಬಟ್ಟೆ ಒಗೆಯಲು ಈ ಮಣ್ಣನ್ನೇ ಬಳಸುತ್ತಿದ್ದರು. ತೆಲುಗಿನವರು ಇದನ್ನೇ ಚವುಡು, ಚೌಡು ಅಂತಾರೆ. ನಮ್ಮ ಸಾವು ಅವರ ಚಾವು, ನಮ್ಮ ಸೆರಗು ಅವರ ಚೆರಗು, ಅದೇ ದಾರಿಯಲ್ಲಿ ಇದೂ. ತಮಿಳಿನಲ್ಲಿ ಸವರ್ ಅಂದರೂ ಉಪ್ಪಿನ ರುಚಿಯೇ. ಹಾಗಾಗಿ ಯಾರಿಂದಲೋ ಸಾಲ ತಂದ ಮಾತಲ್ಲ, ಮನೆಯದ್ದೇ.

ಜವಳು ತೇವದ ಮಾತು. ಜವುಗು, ಜವುಳು, ಜೌಳು, ಜೌಗು ಎಲ್ಲ ಒಂದೇ ಬಳಗ. ಹವುದು ಹೌದಾದಂತೆ ಜವುಗು ಜೌಗಾಯಿತು. ಪುಸ್ತಕದವರು ಜೌಗು ಇಟ್ಟುಕೊಂಡರು, ನೀವು ಜವಳು ಇಟ್ಟುಕೊಂಡಿರಿ. ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಹಿಮ್ಮಡಿ ಇಳಿದು, ಎತ್ತಿದ ಕೂಡಲೇ ಆ ಗುಣಿಯಲ್ಲಿ ನೀರು ಒಸರಿ ನಿಲ್ಲುತ್ತಲ್ಲ, ಅದು ಜವಳು.

ಹಾಗಾದರೆ ಎರಡೂ ಯಾವಾಗಲೂ ಜೊತೆಗೇ ಯಾಕೆ? ಅದಕ್ಕೆ ಉತ್ತರ ನಿಘಂಟಿನಲ್ಲಿಲ್ಲ, ನಿಮ್ಮೂರ ಕಾಲುವೆಯಲ್ಲಿದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ, ನೀರು ಹರಿದದ್ದು 1953ರಲ್ಲಿ. ನಿಮ್ಮೂರಿಗೆ ನೀರು ತರುವ ಎಡದಂಡೆ ಕಾಲುವೆಯ ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಅಂತ ಯೋಜನೆ ಹಾಕಿದ್ದರು. ಬೆಳೆದದ್ದು ಮಾತ್ರ ನೆಲ್ಲು. ರೈತರನ್ನು ಬೈಯೋದು ಸುಲಭ, ಆದರೆ ಕೈಗೆ ರೊಕ್ಕ ಕೊಡುವ ಬೆಳೆ ಬಿಟ್ಟು ಜೋಳ ಬಿತ್ತು ಅಂದರೆ ಯಾರು ಕೇಳ್ತಾರೆ? ಎರೆಮಣ್ಣಿನಲ್ಲಿ ನೀರು ಬೇಗ ಬಸಿಯಲ್ಲ, ವರ್ಷ ವರ್ಷ ನಿಂತು ನಿಂತು ಅಂತರ್ಜಲ ಬೇರಿನ ಮಟ್ಟಕ್ಕೆ ಏರಿತು, ಮಣ್ಣೊಳಗಿನ ಉಪ್ಪು ಅದರಲ್ಲಿ ಕರಗಿ ಮೇಲೆ ಬಂತು. ಬಿಸಿಲಿಗೆ ನೀರು ಆರಿತು, ಉಪ್ಪು ಉಳಿಯಿತು. ನೋಡಿ, ಬಾಯಲ್ಲಿ ಸವಳು ಮೊದಲು ಬಂದರೂ ಕಾಲುವೆ ಕೆಳಗಿನ ಹೊಲದಲ್ಲಿ ಜವಳು ಮೊದಲು ಬರುತ್ತೆ. ಕೊನೆಗೆ ಅಲ್ಲಿ ಬಳ್ಳಾರಿ ಜಾಲಿ ಏಳುತ್ತೆ, ಅದಕ್ಕೆ ಉಪ್ಪಿನ ಹೆದರಿಕೆ ಇಲ್ಲ.

ಇದು ತಿಳಿದಿದ್ದರೆ ದುಡ್ಡೂ ಉಳಿಯುತ್ತೆ. ಬಿಳಿ ಕಂಡ ಕೂಡಲೇ ಜಿಪ್ಸಂ ಚೀಲ ತರೋದು ರೂಢಿ. ಜಿಪ್ಸಂ ಬೇಕಾಗೋದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿಗೆ, ಅದೂ ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ. ನೀರು ಹೊರಗೆ ಹೋಗಲು ಬಸಿಗಾಲುವೆ ಇಲ್ಲದಿದ್ದರೆ ಹಾಕಿದ್ದೆಲ್ಲ ದಂಡ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಜಮೀನಿನ ಮೇಲೇ ಕೆಲಸ ನಡೆಯುತ್ತೆ, ಒಮ್ಮೆ ಕೇಳಿ ಬನ್ನಿ.

ಪ್ರಶ್ನೆ: ಕೆಸರು, ರಾಡಿ, ಜೌಗು ಎಲ್ಲ ಒಂದೇ ಅಲ್ವಾ?
– ಓದುಗರು, ಮಾನ್ವಿ

ಉತ್ತರ: ಅಲ್ಲ. ಕೆಸರನ್ನು ನಾಟಿಗೆ ನಾವೇ ಮಾಡ್ತೀವಿ. ರಾಡಿಯಲ್ಲಿ ಹೊಲಸಿನ ವಾಸನೆ ಇದೆ, ಅದಕ್ಕೇ ಜಗಳದಲ್ಲಿ ‘ರಾಡಿ ಎಬ್ಬಿಸಬೇಡ’ ಅನ್ನೋದು. ಜೌಗು ನೆಲದ ಗುಣ, ಮಳೆ ನಿಂತು ತಿಂಗಳಾದರೂ ಇರುತ್ತೆ.

ಪ್ರಶ್ನೆ: ಅಂಕಸಮುದ್ರ ಕೆರೆಯನ್ನು ಪತ್ರಿಕೆಗಳು ಜೌಗು ಪ್ರದೇಶ ಅಂತ ಬರೆದಿವೆ. ಅದು ಕೆರೆ ತಾನೇ?
– ಓದುಗರು, ಬಳ್ಳಾರಿ

ಉತ್ತರ: ಕೆರೆಯೇ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಕಾಪಾಡಬೇಕಾದ ನೀರುನೆಲಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಆ ಪಟ್ಟಿಯ ಪ್ರಕಾರ ಕೆರೆ, ಅಳಿವೆ, ಜೌಗು ಎಲ್ಲವೂ ಇಂಗ್ಲಿಷಿನ ‘ವೆಟ್‌ಲ್ಯಾಂಡ್’ ಅನ್ನೋ ಒಂದೇ ಹೆಸರಿನ ಕೆಳಗೆ ಬರುತ್ತವೆ. ಅದಕ್ಕೆ ತರಿಭೂಮಿ ಅನ್ನೋಣ ಅಂದರೆ, ಕಂದಾಯದ ದಾಖಲೆಯಲ್ಲಿ ತರಿ ಅಂದರೆ ನೀರಾವರಿ ಜಮೀನು, ಮಳೆ ನಂಬಿದ ಖುಷ್ಕಿಗೆ ಎದುರು. ಹೀಗಾಗಿ ಪತ್ರಿಕೆಯವರು ಜೌಗಿಗೆ ಜೋತುಬಿದ್ದಿದ್ದಾರೆ. ನನ್ನ ಕೇಳಿದರೆ, ಕೆರೆ ಅಂತಲೇ ಬರೆಯಬಹುದಿತ್ತು.