ಅಂಗಡಿಯವರು ಕೊಟ್ಟ ಐವತ್ತು ಕಾರ್ಡು

ತಮ್ಮಾ,

ಕಾರವಾರದಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಓದಲು ಬಂದು ಎರಡು ತಿಂಗಳಾಯಿತು, ವೇಪ್ (ನಿಕೋಟಿನ್ ದ್ರವವನ್ನು ಆವಿ ಮಾಡಿ ಸೇದುವ ಇ-ಸಿಗರೇಟು) ಮಾರುವ ಅಂಗಡಿಯಲ್ಲಿ ವಾರಕ್ಕೆ 20 ತಾಸು ಕೆಲಸ ಅಂದಿದ್ದೀಯ. ವೇಪಿನ ರುಚಿ, ಪೊಟ್ಟಣಕ್ಕೆ ಕಡಿವಾಣ ಹಾಕುವ ಹೊಸ ಕಾನೂನು ಬೇಡ ಎಂದು ಅಚ್ಚು ಹಾಕಿಸಿದ ಐವತ್ತು ಕಾರ್ಡಿಗೆ ಗಿರಾಕಿಗಳ ಸಹಿ ಹಾಕಿಸು ಎಂದು ಮಾಲೀಕರು ಕೊಟ್ಟಿದ್ದಾರೆ. ವೀಸಾಕ್ಕೆ ತೊಂದರೆಯಾದೀತೇ, ಇದರಿಂದ ಏನಾದರೂ ಆಗುತ್ತದೆಯೇ, ಅಪ್ಪನ ಬೀಡಿ ಬಿಡಿಸಲು ಊರಿಗೆ ಒಂದು ವೇಪ್ ತರಬಹುದೇ ಎಂದು ಕೇಳಿದ್ದೀಯ. ಜೊತೆಗೆ ಚಳಿ, ಅಕ್ಕಿ. ಚಳಿಗೆ ಮೊದಲು ಒಳ್ಳೆಯ ಬೂಟು ಕೊಳ್ಳು. ಕುಚ್ಚಲಕ್ಕಿ ಸಿಗುತ್ತದೆ, ಕೇರಳದ್ದು. ನಮ್ಮ ಗಂಜಿಯ ರುಚಿ ಬರುವುದಿಲ್ಲ.

ವೀಸಾ ಮಾತು. ಪಾರ್ಲಿಮೆಂಟಿನ ಮನವಿಗೆ ಸಹಿ ಹಾಕಲು ಬ್ರಿಟಿಷ್ ಪ್ರಜೆಯೇ ಆಗಬೇಕಿಲ್ಲ, ಇಲ್ಲಿ ವಾಸವಿದ್ದರೆ ಸಾಕು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ನಿನಗೆ ಮತದಾನದ ಹಕ್ಕೂ ಇದೆ. ಹೆಸರು ನೋಂದಾಯಿಸಿಕೋ, ಗುರುತಿಗೆ ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಆದರೆ ಅಂಗಡಿಗಾಗಿ ನಿಂತು ಸಹಿ ಸಂಗ್ರಹಿಸಿದರೆ ಅದು ಕೆಲಸವೇ. ಸಂಬಳ ಕೊಡದಿದ್ದರೂ ಆ ತಾಸು ನಿನ್ನ ವೀಸಾದ ವಾರಕ್ಕೆ 20 ತಾಸಿನ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಮಾಲೀಕರಿಗೆ ಇದನ್ನು ಮೊದಲೇ ಹೇಳು, ಸಂಕೋಚಪಡಬೇಡ.

ಈಗ ಕಾರ್ಡು. ನಮ್ಮ ಕಡೆ ಮನವಿ ಅಂದರೆ ನಿನಗೆ ಗೊತ್ತಲ್ಲ: ತಹಶೀಲ್ದಾರರ ಕಚೇರಿ ಎದುರು ಹತ್ತು ನಿಮಿಷ ಘೋಷಣೆ, ಎಲ್ಲರೂ ಒಂದೊಂದು ಕೈ ಹಿಡಿದು ಪತ್ರ ಕೊಡುವ ಫೋಟೊ, ಮರುದಿನ ಪೇಪರಿನಲ್ಲಿ ಸುದ್ದಿ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಒಂದೇ ಒಕ್ಕಣೆಯ ಐವತ್ತು ಕಾರ್ಡು ಎಂ.ಪಿ. ಕಚೇರಿಗೆ ಹೋದರೆ ಅಲ್ಲಿನ ಸಹಾಯಕರು ಅವನ್ನು ಒಂದೇ ಕಟ್ಟು ಮಾಡಿ, ಒಂದೇ ಸಿದ್ಧ ಉತ್ತರ ಕಳಿಸುತ್ತಾರೆ. ವಿಳಾಸದಲ್ಲಿ ಪೋಸ್ಟ್‌ಕೋಡ್ ಇಲ್ಲದ್ದು ಅದಕ್ಕೂ ಮೊದಲೇ ಬದಿಗೆ ಹೋಗುತ್ತದೆ, ಏಕೆಂದರೆ ಎಂ.ಪಿ. ನೋಡುವುದು ತನ್ನ ಕ್ಷೇತ್ರದವರ ಪತ್ರವನ್ನು ಮಾತ್ರ.

ಕೆಲಸಕ್ಕೆ ಬರುವುದು ಗಿರಾಕಿ ಸ್ವಂತ ಮಾತಲ್ಲಿ ಬರೆದ ಒಂದು ಪುಟ. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಿಗರೇಟು, ಬಿಡಲು ಮೊದಲು ಏನೇನು ಮಾಡಿ ಸೋತರು, ಯಾವ ತಿಂಗಳು ವೇಪ್ ಹಿಡಿದರು, ನಿಕೋಟಿನ್ ಎಷ್ಟರಿಂದ ಎಷ್ಟಕ್ಕೆ ಇಳಿಯಿತು, ಯಾವ ರುಚಿ, ಆ ರುಚಿ ಹೋದರೆ ಏನು ಮಾಡುತ್ತಾರೆ. ‘18 ವರ್ಷ ದಿನಕ್ಕೆ 20 ಸಿಗರೇಟು ಸೇದಿದೆ. 18 ಮಿಲಿಗ್ರಾಂನಿಂದ ಶುರು ಮಾಡಿ ಈಗ 6ಕ್ಕೆ ಬಂದಿದ್ದೇನೆ. ತಂಬಾಕಿನ ರುಚಿಯದ್ದು ಸೇದಿದರೆ ಮತ್ತೆ ಸಿಗರೇಟಿನ ನೆನಪಾಗುತ್ತದೆ, ಅದಕ್ಕೇ ಹಣ್ಣಿನದ್ದು.’ ಇಂಥ ನಾಲ್ಕು ಸಾಲನ್ನು ಯಾವ ಅಧಿಕಾರಿಯೂ ಕಟ್ಟಿಗೆ ಸೇರಿಸಲಾರ. ಕಾಗುಣಿತ ತಪ್ಪಿದ್ದರೆ ತಿದ್ದಬೇಡ, ಹಾಗೇ ಇರಲಿ. ಎಂ.ಪಿ.ಯನ್ನು ಖುದ್ದು ಕಾಣುವುದಾದರೆ ಸಾಮಾನ್ಯವಾಗಿ ಶುಕ್ರವಾರವೋ ಶನಿವಾರವೋ ಜನರ ಭೇಟಿಗೆ ಕೂರುತ್ತಾರೆ. ಮೊದಲೇ ಸಮಯ ಕೇಳಿಕೊಳ್ಳಬೇಕು, ಸಿಗುವುದು ಹತ್ತು ಹದಿನೈದು ನಿಮಿಷ. ಮಾಲೀಕರು ಮಾತಾಡುವುದಕ್ಕಿಂತ ಸಿಗರೇಟು ಬಿಟ್ಟ ಒಬ್ಬ ಗಿರಾಕಿ ಮಾತಾಡಲಿ.

ಆನ್‌ಲೈನ್ ಮನವಿಗೆ 10,000 ಸಹಿಯಾದರೆ ಸರ್ಕಾರ ಉತ್ತರ ಕೊಡುತ್ತದೆ, 1 ಲಕ್ಷವಾದರೆ ಚರ್ಚೆಗೆ ಪರಿಗಣಿಸುತ್ತಾರೆ, ಅವಧಿ 6 ತಿಂಗಳು. ಆದರೆ ನಿಜವಾದ ಬಾಗಿಲು ಬೇರೆ. 2024ರ ನವೆಂಬರ್‌ನಲ್ಲಿ ಬಂದ ತಂಬಾಕು ಮತ್ತು ವೇಪ್ ಮಸೂದೆ ರುಚಿ, ಪೊಟ್ಟಣ, ಅಂಗಡಿಯಲ್ಲಿ ಜೋಡಿಸಿಡುವ ರೀತಿ ಇವನ್ನು ನಿಯಮ ಮಾಡಿ ಕಟ್ಟುವ ಅಧಿಕಾರವನ್ನು ಸಚಿವರ ಕೈಗೆ ಕೊಡುವಂಥದ್ದು. ಇಂಥ ನಿಯಮಕ್ಕೆ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಆ ಪ್ರಶ್ನಾವಳಿಗೆ, ಕೇಳಿದಷ್ಟಕ್ಕೇ, ಗಡುವಿನೊಳಗೆ ಉತ್ತರಿಸಬೇಕು. 2023ರಲ್ಲಿ ಹೀಗೆ ಕೇಳಿದಾಗ ತಂಬಾಕು ಕಂಪನಿಯ ಜೊತೆ ನೇರವಾಗಿಯೋ ಸುತ್ತುಬಳಸಿಯೋ ಸಂಬಂಧವಿದೆಯೇ ಎಂಬ ಪ್ರಶ್ನೆಯೂ ಅದರಲ್ಲಿತ್ತು.

ಆ ಪ್ರಶ್ನೆಯೇ ನನ್ನನ್ನು ಈಗಲೂ ಚುಚ್ಚುವುದು. ನಾನು ಬಂದ ಹೊಸತರಲ್ಲಿ ನನ್ನ ಕೈಗೂ ಇಂಥದೇ ಕಟ್ಟು ಬಂದಿತ್ತು. ಅಚ್ಚು ಹಾಕಿಸಿದ ಹಣ ಯಾರದು ಎಂದು ನಾನು ಕೇಳಲೇ ಇಲ್ಲ, ನನ್ನನ್ನು ನಂಬಿ ಸಹಿ ಹಾಕಿದವರಿಗೆ ಹೇಳಲೂ ಇಲ್ಲ. ಸಿಗರೇಟು ಮಾರುವ ದೊಡ್ಡ ಕಂಪನಿಗಳೇ ಇಂದು ವೇಪನ್ನೂ ಮಾರುತ್ತವೆ, ಜನರ ದನಿ ಎಂದು ಕಾಣುವ ಗುಂಪಿನ ಹಿಂದೆ ಅವುಗಳ ದುಡ್ಡು ಇದ್ದದ್ದು ಹೊರಬಿದ್ದರೆ ಪ್ರಾಮಾಣಿಕರ ಪತ್ರಕ್ಕೂ ಬೆಲೆ ಹೋಗುತ್ತದೆ. 1983ರಲ್ಲಿ ಸಿರ್ಸಿಯ ಸಲ್ಕಣಿಯಲ್ಲಿ, ಅಪ್ಪಿಕೋ ಚಳವಳಿಯಲ್ಲಿ, ಕಡಿಯದಂತೆ ಮರ ಅಪ್ಪಿಕೊಂಡವರ ಹಿಂದೆ ಯಾರ ದುಡ್ಡು ಎಂದು ಕೇಳಬೇಕಾಗಿಯೇ ಇರಲಿಲ್ಲ. ಕಾಡೂ ಅವರದು, ಕೈಯೂ ಅವರದು. ಆ ಜಿಲ್ಲೆಯಿಂದ ಬಂದ ನಾನು ಇಷ್ಟನ್ನು ತಿಳಿದಿರಬೇಕಿತ್ತು. ಕಾರ್ಡಿನ ಕೆಳಗೆ ಅಚ್ಚು ಹಾಕಿಸಿದವರ ಹೆಸರಿದೆಯೇ ನೋಡು. ಇಲ್ಲದಿದ್ದರೆ ಕೇಳು. ಉತ್ತರ ಬಾರದಿದ್ದರೆ ವಾಪಸು ಕೊಡು.

ಇನ್ನೊಂದು. ಯಾವ ನಿಯಮವೂ ಬೇಡ ಎಂದು ಕೂಗುವವರ ಜೊತೆ ನಿಲ್ಲಬೇಡ. ಟ್ಯಾಂಕು 2 ಮಿ.ಲೀ., ಬಾಟಲಿ 10 ಮಿ.ಲೀ., ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಬಾರದು ಎಂಬ ಮಿತಿಗಳು 2016ರ ನಿಯಮದಿಂದ ಇವೆ. ಒಮ್ಮೆ ಬಳಸಿ ಎಸೆಯುವ ವೇಪ್ 2025ರ ಜೂನ್ 1ರಿಂದ ನಿಷೇಧ. ಮಕ್ಕಳ ಕೈಗೆ ಹೋದದ್ದು, ಬ್ಯಾಟರಿ ಸಮೇತ ರಸ್ತೆಬದಿ ಬಿದ್ದದ್ದು ಅದೇ ಮಾಲು, ಅದನ್ನು ಸಮರ್ಥಿಸಿ ಯಾರ ಮನಸ್ಸೂ ಗೆಲ್ಲಲಾಗದು. ತೆರಿಗೆಯ ಬಗ್ಗೆ ಮಾತಾಡು: 2026ರ ಅಕ್ಟೋಬರ್ 1ರಿಂದ ಎಂದು ಗೊತ್ತುಮಾಡಿದ ಸುಂಕ 10 ಮಿ.ಲೀ.ಗೆ 2.20 ಪೌಂಡ್, ಅದರ ಮೇಲೆ 20% ವ್ಯಾಟ್ ಸೇರಿ 2.64. ಸಿಗರೇಟು ಬಿಡಲು ಹೊರಟ ಬಡವನಿಗೆ ಇದು ಭಾರ ಎಂಬ ವಾದಕ್ಕೆ ಹುರುಳಿದೆ. ವೇಪ್ ಸಿಗರೇಟಿಗಿಂತ ಕಡಿಮೆ ಹಾನಿ, ಆದರೆ ಸೇದದವರಿಗೂ ಮಕ್ಕಳಿಗೂ ಅಲ್ಲ ಎಂದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹೇಳುತ್ತದೆ. ನೀನೂ ಅಷ್ಟೇ ಹೇಳು. ಕೌಂಟರಿನಲ್ಲಿ 25ಕ್ಕಿಂತ ಕಡಿಮೆ ಕಾಣುವ ಪ್ರತಿಯೊಬ್ಬರ ಗುರುತುಚೀಟಿ ಕೇಳು. 18 ತುಂಬದ ಒಬ್ಬನಿಗೆ ಮಾರಿದ ಸುದ್ದಿ ಸಾಕು, ಊರಿನ ಸಹಾನುಭೂತಿಯೆಲ್ಲ ಹೋಗುತ್ತದೆ.

ಅಪ್ಪನಿಗೆ ವೇಪ್ ತರಬೇಡ, ಒಂದೂ ಬೇಡ. ನಮ್ಮಲ್ಲಿ 2019ರ ಕಾಯ್ದೆಯ ಪ್ರಕಾರ ಆಮದೇ ಅಪರಾಧ: ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಗೋವಾದಲ್ಲಿ ಇಳಿದು ಮಾಜಾಳಿ ಚೆಕ್‌ಪೋಸ್ಟ್ ದಾಟುವಾಗ ಮದ್ಯದ ಬಾಟಲಿ ಹುಡುಕುವವರ ಕೈಗೆ ಇದು ಸಿಕ್ಕರೆ ಅಪ್ಪನಿಗೆ ಆಗುವ ಅವಮಾನ ಯೋಚಿಸು. ಅಲ್ಲಿಯ ಮೆಡಿಕಲ್ ಅಂಗಡಿಯಲ್ಲೇ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ, ತಂಬಾಕು ಬಿಡಲು ಸಲಹೆಯ ಉಚಿತ ಸಹಾಯವಾಣಿ 1800-11-2356. ಗಮ್ಮನ್ನು ಚ್ಯೂಯಿಂಗ್ ಗಮ್ಮಿನಂತೆ ಜಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಶುರುವಾಗಿ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಚುರುಚುರು ಅನ್ನುವವರೆಗೆ ನಿಧಾನ ಜಗಿದು, ಕವಳವನ್ನು ದವಡೆಗೆ ಒತ್ತರಿಸಿಕೊಂಡ ಹಾಗೆ ಇಟ್ಟುಕೊಳ್ಳಲು ಹೇಳು. ಚುರುಕು ಇಳಿದ ಮೇಲೆ ಮತ್ತೆ ಜಗಿಯುವುದು, ಒಟ್ಟು ಅರ್ಧ ತಾಸು. ಅದಕ್ಕೆ ಮೊದಲ ಕಾಲು ತಾಸು ಚಹಾ ಬೇಡ. ಇಂದೇ ರಾತ್ರಿ ಫೋನಿನಲ್ಲಿ ಹೇಳು, ಊರಿಗೆ ಹೋಗುವವರೆಗೆ ಕಾಯಬೇಡ.