ಸೊಂಟದಲ್ಲಿ ಪಿಸ್ತೂಲಿರುವಾಗ ಪೊಲೀಸರು ಕಾರು ನಿಲ್ಲಿಸಿದರೆ

ಗ್ರೀನ್ ಕಾರ್ಡ್ ಬಂದ ಮೇಲೆ ಟೆಕ್ಸಾಸಿನಲ್ಲಿ ಪಿಸ್ತೂಲಿನ ಲೈಸೆನ್ಸ್ ಪಡೆದಿದ್ದೀರಿ. ಪಿಸ್ತೂಲನ್ನು ಅಂಗಿಯ ಮರೆಯಲ್ಲಿ ಇಟ್ಟುಕೊಂಡು ಹೋಗುವಾಗ ಪೊಲೀಸರು ಕಾರು ನಿಲ್ಲಿಸಿದರೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದ್ದೀರಿ. 22 ವರ್ಷಗಳಿಂದ ಇಲ್ಲಿರುವ ನನ್ನ ಅನುಭವಕ್ಕೆ ಬಂದಷ್ಟನ್ನು ಬರೆಯುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಜೊತೆ ಮನೆ ಹಂಚಿಕೊಂಡಿರುವ ಗೆಳೆಯರು ಇನ್ನೂ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದಾರೆ ಎಂದಿರಿ. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಶಿಕ್ಷೆ 15 ವರ್ಷಗಳವರೆಗೂ ಇದೆ. ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದೆಂದು ಟೆಕ್ಸಾಸ್ 2021ರಲ್ಲಿ ಮಾಡಿದ ಕಾನೂನು ಅವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ನಿಮ್ಮ ಪಿಸ್ತೂಲಿನ ಪೆಟ್ಟಿಗೆಯ ಕೀಲಿ ಅವರ ಕೈಗೆ ಎಂದೂ ಸಿಗಬಾರದು.

ಇನ್ನು ನಿಮ್ಮ ಪ್ರಶ್ನೆ. ಹಿಂದಿನಿಂದ ದೀಪಗಳು ಮಿನುಗಿದ ಕೂಡಲೇ ಬಲಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಕತ್ತಲಾಗಿದ್ದರೆ ಒಳಗಿನ ದೀಪ ಹಾಕಿ, ಕಿಟಕಿ ಇಳಿಸಿ, ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲೆ ಕಾಣುವಂತೆ ಇಟ್ಟು ಸುಮ್ಮನೆ ಕುಳಿತಿರಿ. ಟೆಕ್ಸಾಸಿನ ಕಾನೂನಿನಂತೆ, ಪಿಸ್ತೂಲು ಜೊತೆಗಿದ್ದಾಗ ಅಧಿಕಾರಿ ಗುರುತಿನ ಚೀಟಿ ಕೇಳಿದರೆ ಡ್ರೈವಿಂಗ್ ಲೈಸೆನ್ಸಿನೊಂದಿಗೆ ಪಿಸ್ತೂಲಿನ ಲೈಸೆನ್ಸನ್ನೂ ತೋರಿಸಬೇಕು. ಆದರೆ ಬಾಯಿ ತೆರೆದ ಕೂಡಲೇ ‘ಗನ್’ ಎಂಬ ಪದ ಬೇಡ. ನನ್ನ ಬಳಿ ಪಿಸ್ತೂಲಿನ ಲೈಸೆನ್ಸ್ ಇದೆ, ಈಗ ಪಿಸ್ತೂಲು ಬಲ ಸೊಂಟದಲ್ಲಿದೆ, ನಾನೇನು ಮಾಡಲಿ ಎಂದು ನಿಧಾನವಾಗಿ ಕೇಳಿ, ಅವರು ಹೇಳುವವರೆಗೆ ಬೆರಳನ್ನೂ ಕದಲಿಸಬೇಡಿ.

ಇದು ನನಗೆ ಮನದಟ್ಟಾದದ್ದು ಒಂದು ರಾತ್ರಿ, ಟೆಕ್ಸಾಸಿನ ವೇಕೋ ಊರು ದಾಟಿ ಬರುವಾಗ ಪೊಲೀಸರು ನನ್ನ ಕಾರು ನಿಲ್ಲಿಸಿದಾಗ. ಪಿಸ್ತೂಲು ಬಲ ಸೊಂಟದಲ್ಲಿತ್ತು, ಪರ್ಸು ಅದರ ಹಿಂದಿನ ಜೇಬಿನಲ್ಲಿತ್ತು. ಲೈಸೆನ್ಸ್ ತೆಗೆಯಲು ಕೈ ಹಾಕಿದರೆ, ನೋಡುವವರ ಕಣ್ಣಿಗೆ ಅದು ಪಿಸ್ತೂಲಿಗೇ ಕೈ ಹಾಕಿದಂತೆ! ಬಾಯಲ್ಲಿ ಹೇಳಿ, ಕೈ ಕದಲಿಸದೆ ಕುಳಿತೆ. ಅಧಿಕಾರಿ ನನ್ನನ್ನು ಕೆಳಗಿಳಿಸಿ, ತಾವೇ ಪಿಸ್ತೂಲನ್ನು ತೆಗೆದುಕೊಂಡು, ಎಚ್ಚರಿಕೆ ಚೀಟಿ ಕೊಟ್ಟ ಮೇಲೆ ಹಿಂದಿರುಗಿಸಿದರು. ಹಾಗೆ ತೆಗೆದಿಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ, ವಾದಿಸಬೇಡಿ. ಮರುದಿನದಿಂದ ನನ್ನ ಎರಡೂ ಲೈಸೆನ್ಸುಗಳು ಕನ್ನಡಿಯ ಪಕ್ಕದ ಬಿಸಿಲುತಡೆಗೆ ಸಿಕ್ಕಿಸಿದ ಪಾರದರ್ಶಕ ಚೀಲದಲ್ಲಿವೆ.

2016ರ ಜುಲೈ 6ರಂದು ಮಿನ್ನೆಸೋಟ ರಾಜ್ಯದಲ್ಲಿ ಪೊಲೀಸರು ಕಾರು ನಿಲ್ಲಿಸಿದಾಗ ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪು ಯುವಕ ತನ್ನ ಬಳಿ ಬಂದೂಕಿದೆ ಎಂದು ತಾನಾಗಿಯೇ ವಿನಯದಿಂದ ತಿಳಿಸಿದರು. ಅವರಿಗೆ ಪರವಾನಗಿಯೂ ಇತ್ತು. ಕೆಲವೇ ಸೆಕೆಂಡುಗಳಲ್ಲಿ ಅಧಿಕಾರಿ ಏಳು ಗುಂಡು ಹಾರಿಸಿ ಅವರನ್ನು ಕೊಂದರು. ಮರುವರ್ಷ ನ್ಯಾಯಾಲಯದಲ್ಲಿ ಆ ಅಧಿಕಾರಿ ಖುಲಾಸೆಯಾದರು. ತಪ್ಪು ಕ್ಯಾಸ್ಟೀಲರದೆಂದು ನಾನು ಎಂದಿಗೂ ಒಪ್ಪುವುದಿಲ್ಲ. ಆದರೆ ಪರವಾನಗಿಯ ಕಾಗದ ಗುಂಡನ್ನು ತಡೆಯದು ಎಂಬುದನ್ನು ಮರೆತು ನಾನು ಮನೆಯಿಂದ ಹೊರಡುವುದಿಲ್ಲ.

ರಾಜ್ಯದ ಗಡಿ ದಾಟುವ ಮುನ್ನ ಅಲ್ಲಿನ ನಿಯಮ ಓದಿಕೊಳ್ಳಿ. ಮಿಶಿಗನ್ನಿನಲ್ಲಿ ಅಧಿಕಾರಿ ಕೇಳುವ ಮೊದಲೇ ತಿಳಿಸಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಟೆಕ್ಸಾಸಿನ ಲೈಸೆನ್ಸ್ ನಡೆಯುವುದೇ ಇಲ್ಲ.

ಮುಂದಿನ ತಿಂಗಳು ಊರಿನಿಂದ ತಂದೆತಾಯಿ ಬರುತ್ತಾರೆ ಎಂದಿದ್ದೀರಿ. ನಮ್ಮ ಕಡೆ ಪೊಲೀಸರು ಕೈ ಮಾಡಿದರೆ ಗಾಡಿಯಿಂದ ಇಳಿದು, ಕಾಗದಪತ್ರ ಹಿಡಿದು ಅವರ ಬಳಿಗೆ ಹೋಗುವುದೇ ರೂಢಿ. ನಮ್ಮ ಮಾವನವರು ಇಲ್ಲಿಯೂ ಬೆಲ್ಟ್ ಬಿಚ್ಚಿ ಬಾಗಿಲಿಗೆ ಕೈ ಹಾಕಿದ್ದರು. ನನ್ನ ಹೆಂಡತಿ ಭುಜ ಹಿಡಿದು ಕೂರಿಸಿದಳು. ವಿಮಾನ ನಿಲ್ದಾಣದಿಂದ ಹೊರಡುವಾಗಲೇ, ಇಲ್ಲಿ ಪೊಲೀಸರು ನಿಲ್ಲಿಸಿದರೆ ಕಾರಿನಿಂದ ಇಳಿಯಬಾರದೆಂದು ಅವರಿಗೆ ತಿಳಿಸಿ, ಮತ್ತು ಆ ದಿನ ಪಿಸ್ತೂಲನ್ನು ಮನೆಯಲ್ಲೇ ಬೀಗ ಹಾಕಿಟ್ಟು ಹೋಗಿ.